ಜುಲೈ ತಿಂಗಳ ಇಂಜೆಕ್ಷನ್

1986. ಕಾಮಾಕ್ಷಿಪಾಳ್ಯದ ಅಡ್ಡರಸ್ತೆಯೊಂದರಲ್ಲಿ ನಾನು ಕ್ಲಿನಿಕ್ ತೆರೆದು ನಾಲ್ಕನೇ ವರ್ಷ. ಗಾಜಿನ ಸಿರಿಂಜನ್ನು ಪಂಪ್ ಸ್ಟೌ ಮೇಲೆ ಕುದಿಸುತ್ತಿದ್ದ ಕಾಲ. ಆ ಸ್ಟೌವಿನ ಸದ್ದು, ಸ್ಪಿರಿಟ್ ವಾಸನೆ ನೆನಪಾದರೆ ಈಗಲೂ ಮನಸ್ಸು ಅಲ್ಲಿಗೇ ಓಡುತ್ತದೆ. ಸೂಜಿ ಚುಚ್ಚದವನನ್ನು ಆಗ ಯಾರೂ ಡಾಕ್ಟರೆಂದು ನಂಬುತ್ತಿರಲಿಲ್ಲ. ನಾನೂ ಧಾರಾಳವಾಗಿ ಚುಚ್ಚುತ್ತಿದ್ದೆ.

ಜುಲೈ ಮೊದಲ ವಾರ. ಎಂಟು ದಿನದಿಂದ ಬಿಸಿಲಿನ ಮುಖ ಕಂಡಿರಲಿಲ್ಲ. ಹತ್ತಿರದ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದ ಸರೋಜಮ್ಮ ಬಂದರು. ಮೂವತ್ತೆರಡರ ವಯಸ್ಸು. ಬಾಯಿ ಮುಚ್ಚದೆ ಮಾತಾಡುವ ಹೆಂಗಸು ಅಂದು ತಲೆ ತಗ್ಗಿಸಿ ಸ್ಟೂಲಿನ ಮೇಲೆ ಕೂತರು.

"ಸುಸ್ತು ಡಾಕ್ಟ್ರೇ. ಎಷ್ಟ್ ಮಲಗಿದ್ರೂ ನಿದ್ದೆ ಸಾಲಲ್ಲ. ಹೋದ್ ವರ್ಷ ಹಾಕಿದ್ರಲ್ಲ, ಅದೇ ಇಂಜೆಕ್ಷನ್ ಹಾಕಿ."

ನಾನು ಉಬ್ಬಿಹೋದೆ. ಯಾವ ಇಂಜೆಕ್ಷನ್ ಎಂದು ನೋಡಲು ಅವರ ಕಾರ್ಡ್ ತೆಗೆದೆ. ಬಿ-ಕಾಂಪ್ಲೆಕ್ಸ್, 1985ರ ಜುಲೈಯಿಂದ ಸೆಪ್ಟೆಂಬರ್. ಅದರ ಮೇಲೆ 1984, ಮತ್ತೆ ಅದೇ ತಿಂಗಳುಗಳು. 1983ರಲ್ಲೂ ಅಷ್ಟೇ. ಅಕ್ಟೋಬರ್‌ನಿಂದ ಜೂನ್‌ವರೆಗೆ ಒಂದು ಗೆರೆಯೂ ಇಲ್ಲ. ಕೆಲವರಲ್ಲಿ ಖಿನ್ನತೆ, ಅಂದರೆ ಡಿಪ್ರೆಶನ್, ಋತು ಹಿಡಿದು ಬಂದು ಋತು ಕಳೆದಾಗ ಹೋಗುತ್ತದೆಂದು ಓದಿದ್ದು ಆಗ ನೆನಪಾಯಿತು. ವರ್ಷವರ್ಷವೂ ಅವರನ್ನು ಎಬ್ಬಿಸಿ ಕೂರಿಸಿದ್ದು ನನ್ನ ಸೂಜಿಯಲ್ಲ, ಮೋಡ ಸರಿದ ಮೇಲಿನ ಬಿಸಿಲು. ಮೂರು ವರ್ಷ ನನ್ನದೇ ಕೈಬರಹ ನನಗೆ ಕಂಡಿರಲಿಲ್ಲ. ತುಂಬಾ ನಾಚಿಕೆಯಾಯಿತು.

ಸಿರಿಂಜ್ ಕೆಳಗಿಟ್ಟು, ಅದುವರೆಗೆ ಯಾವ ರೋಗಿಯನ್ನೂ ಕೇಳಿರದ ಪ್ರಶ್ನೆ ಕೇಳಿದೆ.

"ಬದುಕೋದೇ ಬೇಡ ಅನ್ಸುತ್ತಾ ಸರೋಜಮ್ಮ?"

ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, "ಈ ಸಲ ಅನ್ಸಿದೆ. ಮನೇಲಿ ಯಾರ್ಗೂ ಹೇಳಿಲ್ಲ," ಎಂದರು.

ಆಗಲೇ ಅವರ ಗಂಡನನ್ನು ವರ್ಕ್‌ಶಾಪಿನಿಂದ ಕರೆಸಿ, ಒಬ್ಬರನ್ನೇ ಬಿಡಬೇಡಿ ಎಂದು ಹೇಳಿ, ಮನೋವೈದ್ಯರಿಗೆ ಚೀಟಿ ಬರೆದುಕೊಟ್ಟೆ.

"ನಾನೇನ್ ಹುಚ್ಚೀನಾ ಡಾಕ್ಟ್ರೇ?"

"ಬಿಪಿಗೆ ಮಾತ್ರೆ ತಗೊಳ್ಳೋರೆಲ್ಲ ಹುಚ್ರೇನಮ್ಮಾ?"

ಅಂದೇ ಹೋದರು. ಮಾತ್ರೆ ಶುರುವಾಯಿತು. ಮೋಡವಿದ್ದರೂ ಸರಿ, ಗಂಡ ದಿನಾ ಬೆಳಗ್ಗೆ ಅವರನ್ನು ಮಾಗಡಿ ರಸ್ತೆಯವರೆಗೆ ನಡೆಸಿಕೊಂಡು ಬರುತ್ತಿದ್ದ. ನಾನು ಹೇಳಿದ ಮೇಲೆ ಸೂಪರ್‌ವೈಸರ್ ಅವರ ಹೊಲಿಗೆ ಮಷಿನ್ನನ್ನು ಕಿಟಕಿ ಪಕ್ಕಕ್ಕೆ ಹಾಕಿಸಿದರು. ಚೇತರಿಸಿಕೊಳ್ಳಲು ಆರು ವಾರ ಹಿಡಿಯಿತು.

ಮರುವರ್ಷ ಜೂನ್‌ನಲ್ಲಿ ಸರೋಜಮ್ಮ ಮಲ್ಲಿಗೆ ಮುಡಿದು ಬಂದರು.

"ಮೋಡ ಕಟ್ತಾ ಇದೆ ಡಾಕ್ಟ್ರೇ. ಈ ಸಲ ಮುಂಚೇನೇ ಬಂದ್ಬಿಟ್ಟೆ."

ಹಳೇ ಚಾಳಿ, ನನ್ನ ಕೈ ಸಿರಿಂಜಿನ ಕಡೆ ಹೋಯಿತು. ಅವರು ನಕ್ಕರು.

"ಅದ್ ಬಿಡಿ. ಹೋದ್ ವರ್ಷ ಒಂದ್ ಮಾತ್ ಕೇಳಿದ್ರಲ್ಲ, ಅದನ್ನ ಕೇಳಿ."

ಕೇಳಿದೆ. ಕ್ಲಿನಿಕ್ ಮುಚ್ಚುವ ದಿನದವರೆಗೂ, ಸುಸ್ತು ಎಂದು ಬಂದವರನ್ನೆಲ್ಲ ಸೂಜಿಗಿಂತ ಮೊದಲು ಅದನ್ನೇ ಕೇಳಿದೆ.