ಮೂಳೆ ವಾರ್ಡಿನ ಸಿಸ್ಟರ್ ಕಟ್ಟಿದ ತಂಡ

ಮೂಳೆ ವಾರ್ಡಿನ ಹಿರಿಯ ಸಿಸ್ಟರ್‌ಗೆ ಫುಟ್‌ಬಾಲ್ ಎಂದರೆ ಅಂಕಿಗಳ ಆಟ. ಆಸ್ಪತ್ರೆಯವರೆಲ್ಲ ಮೊಬೈಲಿನಲ್ಲಿ ನಿಜವಾದ ಆಟಗಾರರನ್ನು ಆರಿಸಿ ತಂತಮ್ಮ ಫ್ಯಾಂಟಸಿ ತಂಡ ಕಟ್ಟಿದ್ದರು. ಆ ಆಟಗಾರರು ಮೈದಾನದಲ್ಲಿ ಗೋಲು ಹೊಡೆದರೆ ಇವರಿಗಿಲ್ಲಿ ಪಾಯಿಂಟು. ವಾರ್ಡಿನ ಡಾಕ್ಟರು ಆಟಗಾರರ ಹೆಸರು ನೋಡಿ ಆರಿಸಿದರೆ, ಸಿಸ್ಟರ್ ಯಾರು ಎಷ್ಟು ನಿಮಿಷ ಓಡಿದರು, ಯಾರ ಮಂಡಿ ಎಷ್ಟು ಸಲ ಊದಿತು ಎಂದು ಹಳೆಯ ಜ್ವರದ ಚಾರ್ಟಿನ ಹಿಂಬದಿಯಲ್ಲಿ ಗೀಟೆಳೆದು ಬರೆಯುತ್ತಿದ್ದರು. "ಕಾಲ್ಚಳಕಕ್ಕೆ ಮರುಳಾಗ್ಬೇಡಿ ಡಾಕ್ಟ್ರೇ, ಮಂಡಿ ನೋಡಿ!" ಎಂದು ರೌಂಡ್ಸಿನಲ್ಲೇ ಬುದ್ಧಿ ಹೇಳುತ್ತಿದ್ದರು. ಬಸ್‌ಸ್ಟಾಪಿನಲ್ಲಿ ಯಾರಾದರೂ ಬಸ್ಸಿನ ಹಿಂದೆ ಓಡಿದರೂ ಸಾಕು, "ಈಯಪ್ಪ ಎಪ್ಪತ್ತನೇ ನಿಮಿಷಕ್ಕೆ ಸುಸ್ತು" ಎಂದು ಷರಾ ಬರೆದುಬಿಡುವರು. ಕೊನೆಯ ವಾರ ಅವರು ಎಲ್ಲರಿಗಿಂತ ಆರು ಪಾಯಿಂಟು ಮುಂದಿದ್ದರು. ಆಗಲೇ, ಕಾಲು ಮುರಿದು ಒಂದೂವರೆ ವರ್ಷ ಆಟ ಬಿಟ್ಟಿದ್ದ ಡಿಫೆಂಡರೊಬ್ಬ ಮರಳುತ್ತಾನೆಂಬ ಸುದ್ದಿ ಬಂತು. ಸಿಸ್ಟರ್, ಪಾಯಿಂಟು ಇಮ್ಮಡಿಯಾಗುವ ಕ್ಯಾಪ್ಟನ್ ಪಟ್ಟದಿಂದ ತಮ್ಮ ತಂಡದ ಗೋಲುವೀರನನ್ನು ಇಳಿಸಿ ಇವನನ್ನು ಕೂರಿಸಿದರು. "ನಿಮ್ಮ ಚಾರ್ಟು ಏನ್ ಹೇಳುತ್ತೆ ಸಿಸ್ಟರ್?" ಎಂದು ಡಾಕ್ಟರು ಕಣ್ಣರಳಿಸಿದರು. "ಬೇಡ ಅನ್ನುತ್ತೆ. ಅದಕ್ಕೇನು ಗೊತ್ತು!" ಅವನು ಆಡಿದ್ದು ಬರೀ ಒಂಬತ್ತು ನಿಮಿಷ, ಗೆಲುವು ಡಾಕ್ಟರ ಪಾಲಾಯಿತು. ಸಿಸ್ಟರ್ ಮಾತ್ರ ಆ ಒಂಬತ್ತು ನಿಮಿಷವೂ ವಾರ್ಡಿನ ಟಿವಿ ಮುಂದೆ, ಪ್ಲಾಸ್ಟರ್ ಕಾಲುಗಳ ನಡುವೆ ನಿಂತು ಕುಣಿಯುತ್ತಿದ್ದರು: "ನೋಡ್ರಪ್ಪಾ, ಓಡ್ತಿದಾನೆ! ಒಂಚೂರೂ ಕುಂಟದೆ ಓಡ್ತಿದಾನೆ!"