ನಕ್ಷೆಯ ಜೊತೆ ಬಂದ ಓಣಿ

ಎಲ್ಲಮ್ಮನಿಗೆ ಆರು ದಿನದ ಕೂಲಿ ಇನ್ನೂ ಬರಬೇಕು. ಯಶವಂತನಗರದ ಹತ್ತಿರ ಗಣಿ ಕಾರ್ಮಿಕರಿಗೆ ಕಾಲೊನಿ ಕಟ್ಟುವಾಗ ಇಟ್ಟಿಗೆ ಹೊತ್ತ ಕೂಲಿ.

ಸಾವಿರದ ಒಂಬೈನೂರ ಎಪ್ಪತ್ತೊಂದರ ಬೇಸಿಗೆ. ಅದಕ್ಕೂ ಮೊದಲು ಅವಳು ಹೊತ್ತದ್ದು ಹೇಲು. ಡ್ಯಾಮಿನ ಕೆಲಸಗಾರರ ಒಂದು ಕ್ಯಾಂಪಿನಲ್ಲಿ ಕಕ್ಕಸಿನ ಡಬ್ಬಿ ಎಳೆದು ಬುಟ್ಟಿಗೆ ಸುರಿದು ತಲೆಯ ಮೇಲೆ ಸಾಗಿಸುತ್ತಿದ್ದಳು. ಮಗಳು ಹೊಳೆಮ್ಮ ದೊಡ್ಡವಳಾಗುತ್ತಿದ್ದಂತೆ ಕ್ಯಾಂಪು ಬಿಟ್ಟು, ಯಾರೂ ಗುರುತಿಸದ ಈ ಕಡೆ ಬಂದಳು. ಮಗಳ ತಲೆಗೆ ಆ ಬುಟ್ಟಿ ಏರಬಾರದು, ಅಷ್ಟೇ ಅವಳ ಹಟ. ಇಟ್ಟಿಗೆ ಭಾರವಿದ್ದರೂ ನಾರುವುದಿಲ್ಲ.

ಗೋಡೆ ಸೊಂಟದೆತ್ತರ ಎದ್ದ ದಿನ ಎಲ್ಲಮ್ಮ ಪುಟ್ಟಿ ಇಳಿಸಿ ನಿಂತುಬಿಟ್ಟಳು. ಎರಡು ಸಾಲು ಮನೆಗಳ ಬೆನ್ನ ನಡುವೆ ಒಬ್ಬಳು ನಡೆಯುವಷ್ಟು ಸಂದಿ. ಪ್ರತಿ ಮನೆಯ ಹಿಂದೆ, ನೆಲಕ್ಕೆ ಹತ್ತಿಕೊಂಡಂತೆ, ಡಬ್ಬಿ ಎಳೆಯಲು ಒಂದು ಕಿಂಡಿ.

"ಮೇಸ್ತ್ರಿ, ಈ ಸಂದಿ ಯಾಕ್ರಿ?"

"ನಕ್ಷಿದಾಗ ಐತಿ," ಎಂದ ಮೇಸ್ತ್ರಿ ಎರ್ರಿಯಪ್ಪ. "ಯಾಕಬೇ, ನಕ್ಷಿ ಓದಾಕ ಬರ್ತೈತೇನು ನಿನಗ?"

"ಓದಾಕ ಬರಂಗಿಲ್ರಿ. ಇದರಾಗ ನಡದೀನಿ. ಕ್ಯಾಂಪಿನ ಓಣಿ ಇದು."

"ಹೌದು, ಅಲ್ಲೀದ ನಕ್ಷಿ. ಅಲ್ಲಿಗೆ ಯಾವುದೋ ಸಿಪಾಯಿಗಳ ದಂಡಿನ ಊರಿಂದ ಬಂದಿತ್ತಂತ. ಎರಡೂ ಕಡಿ ಮಸ್ತ್ ನಡದೈತಿ, ಹೊಸದ್ಯಾಕ ಬರೀಬೇಕು ಅಂದ್ರು ಸಾಹೇಬ್ರು."

"ಕಿಂಡಿ ಮುಚ್ಚಿಬಿಡ್ರೀ, ನಿಮ್ಮ ಕಾಲಿಗೆ ಬೀಳ್ತೀನಿ."

"ನಾ ಕಿಂಡಿ ಮುಚ್ಚಿದ್ರ ಸಾಹೇಬ್ರು ನನ್ನ ಹೊಟ್ಟಿ ಮುಚ್ತಾರ. ಇಟಗಿ ತಾ, ಜಲ್ದಿ!"

ತಂದಳು. ಆದರೆ 'ನಡದೀನಿ' ಅಂದದ್ದನ್ನು ಸುತ್ತಲಿನವರೆಲ್ಲ ಕೇಳಿಸಿಕೊಂಡಿದ್ದರು. ಮಧ್ಯಾಹ್ನ ಊಟಕ್ಕೆ ಕೂತಾಗ ಕುಡಿಯುವ ನೀರಿನ ಕೊಡ ಅವಳಿಂದ ದೂರ ಸರಿದಿತ್ತು. ಮರುದಿನ ಕೂಲಿಯವರು ಅವಳ ಕೈಯ ಇಟ್ಟಿಗೆ ಮುಟ್ಟಲಿಲ್ಲ. ಗುತ್ತಿಗೆದಾರ ಆ ವಾರದ ಕೂಲಿಯನ್ನೂ ಕೊಡದೆ ಕಳಿಸಿದ. ಆಮೇಲೆ ಸುತ್ತಮುತ್ತ ಯಾರೂ ಕೆಲಸಕ್ಕೆ ಕರೆಯಲಿಲ್ಲ.

ಕರೆದದ್ದು ಕಾಲೊನಿಯವರು, ಮನೆಗಳು ತುಂಬಿದ ಮೇಲೆ, ಡಬ್ಬಿ ಎಳೆಯಲು. ಅನುಭವ ಇದ್ದವಳಲ್ಲವೇ! ಓಣಿಯ ತುದಿಯಲ್ಲಿ ಅವಳಿಗೊಂದು ಕೋಣೆಯೂ ಇತ್ತು. ಅದೂ ನಕ್ಷೆಯಲ್ಲೇ ಇತ್ತು.

ಕೆಲವು ವರ್ಷಗಳಲ್ಲಿ ಡ್ಯಾಮಿನ ಕಾಲುವೆ ನೀರಿನಿಂದ ಭತ್ತ ಬೆಳೆದು ಕಂಪ್ಲಿ ಕಡೆ ದುಡ್ಡು ಹರಿಯಿತು. ಕೆಲವು ರೈಸ್‌ಮಿಲ್ಲಿನವರು ಬಂದು ಕಾಲೊನಿಯ ನೇರ ರಸ್ತೆ, ಸಾಲು ಮನೆ ನೋಡಿ ಮೆಚ್ಚಿ, ತಮ್ಮಲ್ಲೂ ಅಂಥದೇ ಬಡಾವಣೆ ಕಟ್ಟಿಸಿದರು. ಸಂದಿ ಸಮೇತ. ಅಲ್ಲಿಗೆ ಹೊಳೆಮ್ಮನನ್ನು ಕರೆದರು. ಎಲ್ಲಮ್ಮ ಹಾಸಿಗೆ ಹಿಡಿದಿದ್ದಳು, ಮನೆಯಲ್ಲಿ ಜೋಳ ಇರಲಿಲ್ಲ. ತನ್ನ ಹಳೆಯ ಸೀರೆ ಹರಿದು, ಬುಟ್ಟಿ ಹೊರಲು ಸಿಂಬೆ ಸುತ್ತಿ, ಮಗಳ ತಲೆಯ ಮೇಲೆ ತಾನೇ ಇಟ್ಟಳು.

ನಿಮ್ಮ ಮನೆಯೂ ಅಂಥ ಸಾಲಿನಲ್ಲಿದ್ದರೆ ಹಿತ್ತಲಿಗೆ ಹೋಗಿ ನೋಡಿ. ಕಿಂಡಿ ಇದ್ದರೆ ನಿಮ್ಮ ಕೈಯಾರೆ ಇಟ್ಟಿಗೆ ಇಟ್ಟು ಇವತ್ತೇ ಮುಚ್ಚಿ.