ನಲ್ಲಿಯ ಮೇಲಿದ್ದ ಅಕ್ಷರ

ಕೀನ್ಯಾದ ಎಂಬಕಸಿಯಲ್ಲಿರುವ ನಮ್ಮ ಔಷಧ ಕಾರ್ಖಾನೆಗೆ ಜಪಾನಿನಿಂದ ಬಾಟಲಿ ತೊಳೆಯುವ ಹಳೆಯ ಯಂತ್ರ ಬಂತು. ಅದರ ನಲ್ಲಿಯ ಮೇಲೊಂದು ಚೀನೀ ಅಕ್ಷರವಿತ್ತು. ಮ್ಯಾನೇಜರ್ ಪಕ್ಕದ ಗೋದಾಮಿನ ಚೀನೀ ಮೆಕ್ಯಾನಿಕ್‌ನನ್ನು ಕರೆಸಿದರು.

"ನಮ್ಮಲ್ಲಿ ಇದಕ್ಕೆ ಸೂಪ್ ಅಂತ ಅರ್ಥ. ಜಪಾನಿನಲ್ಲಿ ಬೇರೆ ಇರಬಹುದು, ಅವರನ್ನೇ ಕೇಳಿ," ಎಂದ ಅವನು.

"ಎಲ್ಲಾ ಒಂದೇ ಲಿಪಿ ಕಣ್ರೀ. ಸೂಪಂತೆ! ಶುರು ಮಾಡಿ," ಎಂದು ಮ್ಯಾನೇಜರ್ ನಕ್ಕರು.

ಕೀನ್ಯಾದ ನನ್ನ ಸಹೋದ್ಯೋಗಿ ನಲ್ಲಿ ತಿರುಗಿಸಿದಳು. ಕುದಿಯುವ ನೀರು ಅವಳ ಮುಂಗೈ ಸುಟ್ಟಿತು. ಜಪಾನಿ ಭಾಷೆಯಲ್ಲಿ ಅದು ಬಿಸಿನೀರು.

ಆಸ್ಪತ್ರೆಯಲ್ಲಿ ಮ್ಯಾನೇಜರ್, "ಆ ಚೀನಾದವನೇ ತಪ್ಪು ಹೇಳಿದ," ಎಂದಾಗ ನನಗೆ ಮೈಯೆಲ್ಲ ಉರಿಯಿತು.

"ಹಿಂದಿ ಓದ್ತೀರಲ್ಲ ಸರ್, ಲಿಪಿ ಒಂದೇ ಅಂತ ಮರಾಠಿ ಅರ್ಥ ಆಗುತ್ತಾ? ಅವನು ಸರಿಯಾಗೇ ಹೇಳಿದ. ಕೇಳದೇ ಇದ್ದವರು ನೀವು!" ಎಂದು ಕೂಗಿದೆ.

ಅಪಘಾತದ ವರದಿಯಲ್ಲೂ ಅದನ್ನೇ ಬರೆದೆ. ಮ್ಯಾನೇಜರ್ ತಿದ್ದಲು ಹೇಳಿದರು, ನಾನು ತಿದ್ದಲಿಲ್ಲ.